ಜಿಂಕೆ ಕಾಣಲಿಲ್ಲ ಅನ್ನುವವರು ಬೇಟೆಗಾರರಿಂದ ಕಲಿಯಬೇಕಾದ್ದು

ಮಾನ್ಯ ಸಂಪಾದಕರೇ,

ಶಾಲೆಗೆ ರಜೆ ಶುರುವಾದರೆ ಸಾಕು, ನಮ್ಮ ಮುಂಬೈ ಕನ್ನಡಿಗರ ಬಾಯಲ್ಲಿ ಒಂದು ದೂರು ಕೇಳಿಬರುತ್ತದೆ. ಮಕ್ಕಳನ್ನು ಕರೆದುಕೊಂಡು ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು, ಕನ್ಹೇರಿ ಗುಹೆ ತನಕ ಬಿಸಿಲಲ್ಲಿ ನಡೆದೆವು, ಮಂಗ ಬಿಟ್ಟರೆ ಏನೂ ಕಾಣಲಿಲ್ಲ, ಜಿಂಕೆಗಳೆಲ್ಲ ಮುಗಿದೇ ಹೋಗಿರಬೇಕು ಅಂತ. ಹಾಗೇನಿಲ್ಲ. ಅದು ನೂರು ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಇರುವ ಕಾಡು. ಅಲ್ಲಿ ಚುಕ್ಕೆ ಜಿಂಕೆ ಇದೆ, ಕಡವೆ ಇದೆ, ಕಾಡುಕುರಿ (ಬೊಗಳುವ ಜಿಂಕೆ) ಇದೆ, ಮೊಲದಷ್ಟೇ ಎತ್ತರದ ಬರ್ಕವೂ (ಮೌಸ್ ಡಿಯರ್) ಇದೆ. ನೀವು ಬರುವುದು ಅವಕ್ಕೆ ಮೊದಲೇ ಗೊತ್ತಾಗುತ್ತದೆ. ಮೂಸಿ, ಕೇಳಿ, ನೋಡಿ ಪೊದೆಯೊಳಗೆ ಸರಿದುಬಿಡುತ್ತವೆ, ಅಷ್ಟೇ.

ಜಿಂಕೆಯ ಹತ್ತಿರ ಹೋಗುವ ವಿದ್ಯೆ ಪೂರ್ತಿ ಗೊತ್ತಿದ್ದದ್ದು ಬೇಟೆಗಾರರಿಗೆ. ಆ ವಿದ್ಯೆಯನ್ನು ಕೋವಿ ಇಲ್ಲದೆ ನಾವು ಬಳಸಬೇಕು, ಮಕ್ಕಳಿಗೂ ಕಲಿಸಬೇಕು ಅಂತ ನನ್ನ ಆಸೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗುತ್ತಿದೆ, ದಯವಿಟ್ಟು ಜಾಗ ಕೊಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ರಾಷ್ಟ್ರೀಯ ಉದ್ಯಾನದೊಳಗೆ ಬೇಟೆಯಾಡಿದರೆ ಕಡಿಮೆ ಅಂದರೂ 3 ವರ್ಷ, ಜಾಸ್ತಿ ಅಂದರೆ 7 ವರ್ಷ ಜೈಲು. ಹಾಗಾಗಿ ನಾನಿಲ್ಲಿ ಬೇಟೆಗಾರ ಅಂದಾಗ ಕಾಯ್ದೆ ಬರುವ ಮೊದಲಿನವರ ಮಾತು, ಇಲ್ಲವೇ ಬೇಟೆಗೆ ಲೈಸೆನ್ಸ್ ಕೊಡುವ ದೇಶದವರ ಮಾತು. ಕಾರ್ಕಳದ ಆಚೆ ಘಟ್ಟದ ಬುಡದಲ್ಲಿದ್ದ ನನ್ನ ದೊಡ್ಡಪ್ಪ ಮೊದಲನೆಯ ಸಾಲಿನವರು. ನನ್ನ ಅಕ್ಕನ ಮಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾನೆ. ಅವನು ತರಬೇತಿ ಪಾಸು ಮಾಡಿ, ಲೈಸೆನ್ಸ್ ತೆಗೆದುಕೊಂಡು, ನವೆಂಬರ್‌ನಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಹೋಗುತ್ತಾನೆ. ದೊಡ್ಡಪ್ಪ ಹೇಳುತ್ತಿದ್ದದ್ದನ್ನೂ ಇವನು ಫೋನಿನಲ್ಲಿ ಹೇಳುವುದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮುಕ್ಕಾಲು ಪಾಲು ಒಂದೇ. ಜಿಂಕೆ ಜಾತಿ ಬೇರೆ, ಕಾಡು ಬೇರೆ, ಆದರೆ ಮೂಗು ಕಿವಿ ಕಣ್ಣು ಕೆಲಸ ಮಾಡುವ ರೀತಿ ಅದೇ ಅಲ್ವಾ.

ಎಲ್ಲಕ್ಕಿಂತ ಮುಖ್ಯ ಗಾಳಿ. ಇದನ್ನು ಬಿಟ್ಟು ಉಳಿದದ್ದೆಲ್ಲ ಸರಿಯಾಗಿ ಮಾಡಿದರೂ ಪ್ರಯೋಜನ ಇಲ್ಲ. ಜಿಂಕೆ ಕಣ್ಣಿಗೆ ಕಂಡದ್ದನ್ನು ಅನುಮಾನಿಸುತ್ತದೆ, ಕಿವಿಗೆ ಬಿದ್ದದ್ದನ್ನು ಇನ್ನೊಮ್ಮೆ ಕೇಳಲು ನಿಲ್ಲುತ್ತದೆ, ಮೂಗಿಗೆ ಮನುಷ್ಯನ ವಾಸನೆ ಬಡಿದರೆ ಮಾತ್ರ ಯೋಚನೆಯೇ ಇಲ್ಲ, ಓಟ. ದೊಡ್ಡಪ್ಪ ಒಲೆಯ ಬೂದಿಯನ್ನು ತೆಳು ಬಟ್ಟೆಯಲ್ಲಿ ಸಣ್ಣ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಕಾಡಿನಲ್ಲಿ ನಿಂತು ಆ ಗಂಟನ್ನು ಬೆರಳಿನಿಂದ ಒಮ್ಮೆ ತಟ್ಟುತ್ತಿದ್ದರು. ಬೂದಿ ಹೊಗೆಯಂತೆ ಎದ್ದು ಯಾವ ಕಡೆ ಸರಿಯಿತು ಅಂತ ನೋಡಿ, ಅದರ ಎದುರು ದಿಕ್ಕಿಗೆ ಹೆಜ್ಜೆ. ಅಕ್ಕನ ಮಗನ ಹತ್ತಿರ ಇದೇ ಕೆಲಸಕ್ಕೆ ಪ್ಲಾಸ್ಟಿಕ್ ಬಾಟಲಿಯ ಪುಡಿ ಇದೆ, ಅಂಗಡಿಯಲ್ಲೇ ಸಿಗುತ್ತದಂತೆ. ನಿಮಗೆ ಮನೆಯ ಟಾಲ್ಕಮ್ ಪೌಡರ್ ಸಾಕು, ವಾಸನೆ ಇಲ್ಲದ್ದು ಆದರೆ ಒಳ್ಳೆಯದು.

ಈಗ ಬೊರಿವಲಿಯ ವಿಷಯ. ಉದ್ಯಾನದ ಮುಖ್ಯ ಗೇಟು ಪಶ್ಚಿಮಕ್ಕಿದೆ, ಗುಡ್ಡ ಮತ್ತು ತುಳಸಿ ಕೆರೆ ಪೂರ್ವದ ಕಡೆಗೆ. ಬೆಳಗಿನ ಜಾವ ನೆಲ ತಣ್ಣಗಿರುತ್ತದೆ, ಗಾಳಿ ನೆಲದಿಂದ ಸಮುದ್ರದ ಕಡೆಗೆ ಮೆಲ್ಲಗೆ ಸರಿಯುತ್ತದೆ. ಅದರ ಜೊತೆ ತಂಪು ಗಾಳಿ ಗುಡ್ಡದಿಂದ ಇಳಿಯುತ್ತದೆ, ತುಳಸಿ ಕೆರೆಯಿಂದ ಹುಟ್ಟುವ ದಹಿಸರ್ ನದಿಯ ಕಣಿವೆ ಹಿಡಿದು ಕೆಳಗೆ ಬರುತ್ತದೆ. ಅಂದರೆ ಬೆಳಿಗ್ಗೆ ಗೇಟಿನಿಂದ ಒಳಗೆ ನಡೆಯುವವನ ಮುಖಕ್ಕೇ ಗಾಳಿ. ಇದಕ್ಕಿಂತ ಒಳ್ಳೆಯ ಅನುಕೂಲ ಬೇಟೆಗಾರನಿಗೆ ಬೇಕಾ? ಹೊತ್ತೇರಿದ ಹಾಗೆ ನೆಲ ಕಾಯುತ್ತದೆ, ಸಮುದ್ರದ ಗಾಳಿ ಪಶ್ಚಿಮದಿಂದ ಬೀಸಲು ಶುರು, ಬಿಸಿಯಾದ ಗಾಳಿ ಇಳಿಜಾರು ಹತ್ತುತ್ತದೆ. ಆಗ ನೀವು ಹೋಗುವ ಮೊದಲೇ ನಿಮ್ಮ ಬೆವರು, ಸೆಂಟು, ಡಬ್ಬಿಯ ಪುಳಿಯೋಗರೆ ಎಲ್ಲದರ ವಾಸನೆ ಗುಡ್ಡದ ಮೇಲಿನ ಜಿಂಕೆಗೆ ಮುಟ್ಟಿರುತ್ತದೆ. ಹನ್ನೊಂದು ಗಂಟೆಗೆ ಆರಾಮಾಗಿ ಟಿಕೆಟ್ ತೆಗೆದುಕೊಂಡು ಒಳಗೆ ಹೋಗುವ ಕುಟುಂಬಗಳಿಗೆ ಏನೂ ಕಾಣದಿರಲು ಬಿಸಿಲಿನಷ್ಟೇ ಇದೂ ಕಾರಣ. ಸಾಧ್ಯವಾದಷ್ಟು ಬೇಗ ಹೋಗಿ. ಕಣಿವೆಯ ತಿರುವುಗಳಲ್ಲಿ ಗಾಳಿ ಸುಳಿಯುತ್ತದೆ, ಅಲ್ಲಿ ಮತ್ತೆ ಪೌಡರ್ ಉದುರಿಸಿ ನೋಡಿ.

ಸೆಂಟು, ಡಿಯೋಡರೆಂಟ್, ತಲೆಗೆ ವಾಸನೆ ಎಣ್ಣೆ, ಮಲ್ಲಿಗೆ ದಂಡೆ, ಬಾಯಲ್ಲಿ ಗುಟ್ಕಾ ಯಾವುದೂ ಆವತ್ತು ಬೇಡ.

ಇನ್ನು ಕಣ್ಣು. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ಜಿಂಕೆಗೆ ಎರಡೇ ಬಗೆ. ಕೆಂಪು, ಕಿತ್ತಳೆ ಅದಕ್ಕೆ ಎದ್ದು ಕಾಣುವುದಿಲ್ಲ, ಮಾಸಲು ಬಣ್ಣದಂತೆ ಕಾಣುತ್ತದೆ. ನೀಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ವಿಸ್ಕಾನ್ಸಿನ್‌ನಲ್ಲಿ ಬೇಟೆಗಾರರು ಕಣ್ಣು ಕುಕ್ಕುವ ಕಿತ್ತಳೆ ಜಾಕೆಟ್ ಹಾಕುತ್ತಾರೆ ಅಂತ ಕೇಳಿ ನಮ್ಮ ಮನೆಯವರಿಗೆಲ್ಲ ಆಶ್ಚರ್ಯ. ಅದರ ಲೆಕ್ಕ ಹೀಗಿದೆ: ಇನ್ನೊಬ್ಬ ಬೇಟೆಗಾರ ದೂರದಿಂದಲೇ ನೋಡಿ ಗುಂಡು ಹಾರಿಸದಿರಲಿ, ಜಿಂಕೆಗೆ ಗೊತ್ತಾಗದಿರಲಿ. ಆದ್ದರಿಂದ ಮಗುವಿನ ಕಿತ್ತಳೆ ಟೀ ಶರ್ಟ್ ಬಗ್ಗೆ ಚಿಂತೆ ಬೇಡ, ನಿಮ್ಮ ನೀಲಿ ಜೀನ್ಸ್ ಬಗ್ಗೆ ಚಿಂತೆ ಮಾಡಿ. ಬಿಳಿ ಬಟ್ಟೆಯೂ ಬೇಡ. ಬಟ್ಟೆ ಫಳಫಳ ಹೊಳೆಯಲಿ ಅಂತ ಸೋಪಿನ ಪುಡಿಗೆ ಹಾಕುವ ವಸ್ತು ಇದೆಯಲ್ಲ, ಅದು ನಮಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ ನೀಲಿ ಬೆಳಕು ಕೊಡುತ್ತದೆ. ಮುಂಜಾನೆಯ ಮಬ್ಬಿನಲ್ಲಿ ಜಿಂಕೆಗೆ ಅದು ಎದ್ದು ಕಾಣುತ್ತದೆ. ಹಳೆಯ ಕಂದು, ಹಸಿರು, ಬೂದು ಬಟ್ಟೆ ಹಾಕಿ. ದುಬಾರಿ ಚಿತ್ತಾರದ ಬೇಟೆ ಬಟ್ಟೆಗೆ ದುಡ್ಡು ಹಾಕುವ ಅಗತ್ಯ ಇಲ್ಲ.

ಬಣ್ಣಕ್ಕಿಂತ ಹೆಚ್ಚು ಕೆಡಿಸುವುದು ಅಲುಗಾಟ. ಜಿಂಕೆಯ ಕಣ್ಣು ತಲೆಯ ಎರಡು ಬದಿಗಿದೆ, ಬೆನ್ನ ಹಿಂದೆ ಸ್ವಲ್ಪ ಜಾಗ ಬಿಟ್ಟರೆ ಸುತ್ತ ಎಲ್ಲ ಕಾಣುತ್ತದೆ. ಸುಮ್ನೆ ನಿಂತ ಮನುಷ್ಯನನ್ನು ಅದು ಮರದ ಬೊಡ್ಡೆ ಅಂತ ಬಿಟ್ಟುಬಿಡಬಹುದು, ಕೈ ಎತ್ತಿ ಅಗೋ ಅಲ್ಲಿ ಅಂತ ತೋರಿಸಿದಿರೋ ಮುಗಿಯಿತು. ನಮ್ಮವರು ಎಲ್ಲಕ್ಕಿಂತ ಜಾಸ್ತಿ ಜಿಂಕೆಗಳನ್ನು ಓಡಿಸುವುದು ಈ ತೋರಿಸುವ ಕೈಯಿಂದ. ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಿ: ಜಿಂಕೆ ಕಂಡರೆ ಕೂಗಬಾರದು, ಬೆರಳು ತೋರಿಸಬಾರದು, ಪಕ್ಕದವರ ತೋಳನ್ನು ಮೆಲ್ಲಗೆ ಅದುಮಬೇಕು.

ನಡೆಯುವ ರೀತಿ ಪೂರ್ತಿ ಬದಲಾಗಬೇಕು. ಸ್ಟೇಷನ್ನಿನಿಂದ ಆಫೀಸಿಗೆ ನಡೆಯುವ ನಡಿಗೆ ನಮ್ಮ ಕಾಲಿನಲ್ಲಿ ಕೂತುಬಿಟ್ಟಿದೆ, ಟಪ್ ಟಪ್ ಅಂತ ಒಂದೇ ತಾಳ. ಒಣಗಿದ ತೇಗದ ಎಲೆಯ ಮೇಲೆ ಆ ತಾಳ ಬಹಳ ದೂರ ಕೇಳುತ್ತದೆ, ಕಾಡಿನಲ್ಲಿ ಹಾಗೆ ನಡೆಯುವ ಪ್ರಾಣಿ ಮನುಷ್ಯ ಒಬ್ಬನೇ. ಮೂರು ನಾಲ್ಕು ಹೆಜ್ಜೆ ಇಡಿ, ಒಂದು ಮರದ ಪಕ್ಕ ನಿಲ್ಲಿ. ನಡೆದ ಹೊತ್ತಿಗಿಂತ ನಿಂತ ಹೊತ್ತು ಜಾಸ್ತಿ ಇರಬೇಕು. ಬಯಲಿನಲ್ಲಿ ನಿಲ್ಲಬೇಡಿ, ಮರಕ್ಕೆ ಒತ್ತಿ ನಿಂತರೆ ನಿಮ್ಮ ಆಕಾರ ಒಡೆದುಹೋಗುತ್ತದೆ. ಫೋನ್ ಸೈಲೆಂಟ್ ಅಲ್ಲ, ಪೂರ್ತಿ ಆಫ್ ಮಾಡಿ, ಯಾಕೆಂದರೆ ಜೇಬಿನಲ್ಲಿ ಗುರ್ ಅನ್ನುವ ಸದ್ದೂ ಅಲ್ಲಿನ ನಿಶ್ಶಬ್ದಕ್ಕೆ ದೊಡ್ಡದೇ. ಕುರುಕುರು ತಿಂಡಿಯ ಪ್ಯಾಕೆಟ್ ಬ್ಯಾಗಿನ ತಳದಲ್ಲಿರಲಿ.

ನಿಂತಾಗ ಏನು ನೋಡಬೇಕು? ಇಡೀ ಜಿಂಕೆಯನ್ನು ಹುಡುಕಬೇಡಿ. ಕಾಡಿನಲ್ಲಿ ಇಡೀ ಜಿಂಕೆ ಕಾಣುವುದು ಕಡಿಮೆ, ತುಂಡು ತುಂಡಾಗಿ ಕಾಣುತ್ತದೆ. ಮರಗಳ ನೆಟ್ಟನೆಯ ಗೆರೆಗಳ ನಡುವೆ ಅಡ್ಡವಾಗಿ ಇರುವ ಒಂದು ಗೆರೆ ಸಿಕ್ಕಿದರೆ ಅದು ಬೆನ್ನು ಇರಬಹುದು. ಬಿದಿರಿನ ಮೆಳೆಯ ಬುಡದಲ್ಲಿ ಬಿಸಿಲಿನ ಚುಕ್ಕೆಗಳು ಬಿದ್ದಿರುತ್ತವೆ. ದಿಟ್ಟಿಸಿ ನೋಡಿದರೆ ಕೆಲವು ಚುಕ್ಕೆ ಗಾಳಿಗೆ ಎಲೆ ಆಡಿದಾಗಲೂ ಕದಲುವುದಿಲ್ಲ. ಅಲ್ಲೇ ಕಣ್ಣಿಡಿ. ಒಂದು ಕಿವಿ ನೊಣ ಓಡಿಸಲು ಪಟಕ್ಕನೆ ತಿರುಗುತ್ತದೆ. ಆಮೇಲೆ ಒದ್ದೆಯಾದ ಕಪ್ಪು ಮೂಗು, ಅದರ ಕೆಳಗೆ ಕತ್ತಿನ ಬಿಳಿ, ಸಣ್ಣ ಗೊರಸಿನ ಕಾಲು. ಒಂದು ಕಂಡ ಮೇಲೆ ಪಕ್ಕದಲ್ಲೇ ಇನ್ನೂ ನಾಲ್ಕೈದು ಮಲಗಿರುವುದು ತಾನಾಗಿ ಕಾಣತೊಡಗುತ್ತದೆ. ಇಷ್ಟು ಹೊತ್ತೂ ಅವು ಅಲ್ಲೇ ಇದ್ದವು ಅಂತ ಗೊತ್ತಾದಾಗ ಮಕ್ಕಳ ಮುಖ ನೋಡಬೇಕು ನೀವು.

ತಲೆ ಎತ್ತಿ ನಿಮ್ಮ ಕಡೆ ನೋಡಿದರೆ ಇದ್ದ ಹಾಗೇ ನಿಂತುಬಿಡಿ. ಒಂದು ಕಾಲು ಗಾಳಿಯಲ್ಲಿದ್ದರೂ ಸರಿ. ಬಿಳಿಬಾಲದ ಜಿಂಕೆ ಮೇಯಲು ತಲೆ ತಗ್ಗಿಸಿದ ಹಾಗೆ ಮಾಡಿ ಫಕ್ಕನೆ ಮತ್ತೆ ಎತ್ತುತ್ತದಂತೆ, ಯಾರಾದರೂ ಅಲುಗಿದರಾ ಅಂತ ಪರೀಕ್ಷೆಗೆ. ನಮ್ಮ ಚುಕ್ಕೆ ಜಿಂಕೆ ಮುಂಗಾಲನ್ನು ನೆಲಕ್ಕೆ ಕುಟ್ಟಿ ನೋಡುತ್ತದೆ. ಕುಟ್ಟಿತು ಅಂದರೆ ಅನುಮಾನ ಬಂದಿದೆ, ಆದರೆ ಇನ್ನೂ ಖಾತ್ರಿಯಾಗಿಲ್ಲ. ಆಗ ತಾಳ್ಮೆಯಿಂದ ಇದ್ದರೆ ಬಹಳ ಸಲ ಮತ್ತೆ ಮೇಯಲು ಶುರುಮಾಡುತ್ತದೆ.

ಫೋಟೋ ತೆಗೆಯುವವರಿಗೆ ಬೇಟೆಗಾರರ ಒಂದು ನಿಯಮ ಬಹಳ ಉಪಯೋಗ. ಒಳ್ಳೆಯ ಬೇಟೆಗಾರ ಎದುರಿಗೆ ನಿಂತ ಜಿಂಕೆಗೆ ಹೊಡೆಯುವುದಿಲ್ಲ, ಅಡ್ಡಕ್ಕೆ ತಿರುಗುವವರೆಗೆ ಕಾಯುತ್ತಾನೆ. ಭುಜದ ಹಿಂದೆ ಗುಂಡಿಗೆ, ಶ್ವಾಸಕೋಶ ಇರುವ ಜಾಗ ಆಗ ಮಾತ್ರ ಸರಿಯಾಗಿ ಸಿಗುತ್ತದೆ, ಪ್ರಾಣಿ ನರಳದೆ ಸಾಯುತ್ತದೆ. ಅಡ್ಡಕ್ಕೆ ತಿರುಗದಿದ್ದರೆ ಸುಮ್ಮನೆ ವಾಪಸ್ ಬರುತ್ತಾನೆ. ನೀವೂ ಕಂಡ ತಕ್ಷಣ ಒಂದೇ ಸಮನೆ ಕ್ಲಿಕ್ ಮಾಡಬೇಡಿ. ಅದು ತಿರುಗಿ, ತಲೆ ಎತ್ತಿ, ಕಣ್ಣಿಗೆ ಬೆಳಕು ಬೀಳುವ ತನಕ ಕಾಯಿರಿ. ಫ್ಲ್ಯಾಶ್ ಅಂತೂ ಬೇಡವೇ ಬೇಡ.

ಎಲ್ಲಿ, ಯಾವಾಗ ಅನ್ನುವುದಕ್ಕೆ ಹೊಟ್ಟೆಯ ಲೆಕ್ಕ ಹಾಕಿ. ಮಳೆಗಾಲದಲ್ಲಿ ಎಲ್ಲೆಲ್ಲೂ ಹಸಿರು, ಎಲ್ಲೆಲ್ಲೂ ನೀರು, ಜಿಂಕೆ ಎಲ್ಲಿ ಬೇಕಾದರೂ ಇರಬಹುದು, ಪೊದೆ ದಟ್ಟವಾಗಿ ಪಕ್ಕದಲ್ಲಿದ್ದರೂ ಕಾಣುವುದಿಲ್ಲ. ಮಾರ್ಚ್‌ನಿಂದ ಮೇ ತನಕ ಎಲೆ ಉದುರಿರುತ್ತದೆ, ನೀರು ಕೆಲವೇ ಕಡೆ ಇರುತ್ತದೆ. ಮುಸಿಯಗಳು (ಕಪ್ಪು ಮುಖದ ಮಂಗಗಳು) ಮರದ ಮೇಲೆ ಹಣ್ಣು, ಚಿಗುರು ಅರ್ಧ ತಿಂದು ಅರ್ಧ ಕೆಳಗೆ ಬೀಳಿಸುತ್ತವೆ, ಅದನ್ನು ಆರಿಸಿಕೊಳ್ಳಲು ಚುಕ್ಕೆ ಜಿಂಕೆಗಳು ಆ ಮರದ ಬುಡಕ್ಕೇ ಬರುತ್ತವೆ. ಹಾಗಾಗಿ ಮುಸಿಯ ಕಂಡರೆ ಮುಂದೆ ಹೋಗಬೇಡಿ, ಮರದ ಕೆಳಗೆ ನೋಡಿ. ಚುಕ್ಕೆ ಜಿಂಕೆಗೆ ಸಾಮಾನ್ಯವಾಗಿ ಬೆದೆಯ ಕಾಲವೂ ಇದೇ ಬೇಸಿಗೆ. ಗಂಡುಗಳು ಗಟ್ಟಿಯಾಗಿ ಕೂಗುತ್ತವೆ, ಕೊಂಬನ್ನು ಮರಕ್ಕೆ ತಿಕ್ಕುತ್ತವೆ, ಎಚ್ಚರ ಸ್ವಲ್ಪ ಕಡಿಮೆ. ಅಮೆರಿಕದವರು ನವೆಂಬರ್‌ಗೆ ಕಾಯುವುದೂ ಇದಕ್ಕೇ, ಬಿಳಿಬಾಲದ ಜಿಂಕೆಯ ಬೆದೆ ಆಗ.

ಕಡವೆ ಬೇರೆ ಥರ. ದೊಡ್ಡ ಪ್ರಾಣಿ, ಆದರೆ ರಾತ್ರಿ ಮೇಯುವುದೇ ಜಾಸ್ತಿ, ಬೆಳಕು ಹರಿಯುವಾಗ ಇಳಿಜಾರಿನ ದಟ್ಟ ನೆರಳಿಗೆ ಹೋಗಿಬಿಡುತ್ತದೆ. ಕಾಡುಕುರಿ ಒಂಟಿ, ಹೆಚ್ಚಾಗಿ ದನಿಯೇ ಕೇಳುವುದು. ಬರ್ಕ ಕಂಡರೆ ನಿಮ್ಮ ಅದೃಷ್ಟ.

ನೆಲ ಓದುವುದನ್ನು ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ. ಎರಡು ಗೊರಸಿನ ಗುರುತು ಜೋಡಿಯಾಗಿ, ಚೂಪು ತುದಿ ಹೋದ ದಿಕ್ಕಿಗೆ. ಅಂಚು ಹರಿತವಾಗಿದ್ದರೆ ಹೊಸದು, ಅಂಚು ಉದುರಿ ಒಳಗೆ ಕಸ ಬಿದ್ದಿದ್ದರೆ ಹಳೆಯದು. ಹಿಕ್ಕೆ ಹೊಳೆಯುತ್ತಾ ಹಸಿಯಾಗಿದ್ದರೆ ಜಿಂಕೆ ಹತ್ತಿರದಲ್ಲೇ ಇದೆ. ದೊಡ್ಡ ಗೊರಸು, ದೊಡ್ಡ ಹಿಕ್ಕೆ ಕಡವೆಯದು. ಮರದ ತೊಗಟೆ ಸೊಂಟದ ಎತ್ತರದಲ್ಲಿ ಸುಲಿದಿದ್ದರೆ ಕೊಂಬು ತಿಕ್ಕಿದ ಜಾಗ. ಜಿಂಕೆ ಜಾತಿಯ ಕೊಂಬು ಉದುರಿ ಮತ್ತೆ ಹುಟ್ಟುತ್ತದೆ, ಹುಟ್ಟುವಾಗ ಮೇಲೆ ಮೆತ್ತನೆಯ ಚರ್ಮ ಇರುತ್ತದೆ. ಉದುರಿದ ಕೊಂಬು ಸಿಕ್ಕಿದರೆ ನೋಡಿ, ಮಕ್ಕಳಿಗೆ ತೋರಿಸಿ, ಅಲ್ಲೇ ಬಿಡಿ. ಶೋಕೇಸಿಗೆ ಅಂತ ಮನೆಗೆ ತಂದರೆ ಅದೂ ಅಪರಾಧವೇ.

ಕಿವಿಯ ವಿಷಯ ಬರೆಯಲೇಬೇಕು, ಯಾಕೆಂದರೆ ಇದರಲ್ಲಿ ನಿಮ್ಮ ಸುರಕ್ಷತೆಯೂ ಇದೆ. ಚುಕ್ಕೆ ಜಿಂಕೆ ಹೆದರಿದಾಗ ಚೂಪಾಗಿ ಕೂಗುತ್ತದೆ, ಕಡವೆ ಢಾಂಕ್ ಅಂತ ಒಂದೇ ಗಟ್ಟಿ ದನಿ, ಕಾಡುಕುರಿ ನಾಯಿಯಂತೆ ಬೊಗಳುತ್ತದೆ. ಒಂದೆರಡು ಕೂಗಿ ನಿಂತರೆ ಅದು ನಿಮ್ಮನ್ನು ಕಂಡು ಇರಬಹುದು. ನಿಲ್ಲದೆ ಒಂದೇ ದಿಕ್ಕಿನಿಂದ ಕೂಗುತ್ತಿದ್ದರೆ, ಮೇಲಿನಿಂದ ಮುಸಿಯವೂ ಕೆಮ್ಮಿದ ಹಾಗೆ ಕೂಗಿದರೆ, ಹತ್ತಿರದಲ್ಲಿ ಚಿರತೆ ಇರಬಹುದು. ಬೊರಿವಲಿ ಕಾಡು ಚಿರತೆಯ ಕಾಡು. ಆಗ ಮಕ್ಕಳನ್ನು ಮಧ್ಯದಲ್ಲಿಟ್ಟುಕೊಂಡು ನಿಂತೇ ಇರಿ. ಬಗ್ಗಬೇಡಿ, ಕುಕ್ಕರುಗಾಲಲ್ಲಿ ಕೂರಬೇಡಿ, ಓಡಬೇಡಿ, ಬಂದ ದಾರಿಯಲ್ಲಿ ನಿಧಾನ ವಾಪಸ್ ಬನ್ನಿ. ಒಳಗಿನ ಹಾದಿಗಳಿಗೆ ಉದ್ಯಾನದ ಅನುಮತಿ ಪಡೆದು ಮಾರ್ಗದರ್ಶಕರ ಜೊತೆಯೇ ಹೋಗಿ. ಅವರಲ್ಲಿ ಕಾಡಿನೊಳಗಿನ ವಾರ್ಲಿ ಆದಿವಾಸಿಗಳ ಪಾಡಾಗಳ, ಅಂದರೆ ಹಾಡಿಗಳ, ಹುಡುಗರು ಸಿಕ್ಕಿದರೆ ಒಂದು ಬೆಳಿಗ್ಗೆ ಕಲಿಸುವುದನ್ನು ನಾನು ನಾಲ್ಕು ಪತ್ರದಲ್ಲಿ ಬರೆಯಲಾರೆ.

ಗೇಟಿನ ಹತ್ತಿರ ಸಲುಗೆಯಾದ ಜಿಂಕೆಗಳಿಗೆ ಬಿಸ್ಕೆಟ್, ಚಿಪ್ಸ್ ಹಾಕಿ ಫೋಟೋ ತೆಗೆಯುತ್ತಾರೆ ಜನ. ನೋಡಿದರೆ ಹೊಟ್ಟೆ ಉರಿಯುತ್ತದೆ. ಉಪ್ಪಿನ ರುಚಿಗೆ ಪ್ಲಾಸ್ಟಿಕ್ಕನ್ನೂ ಸೇರಿಸಿ ನುಂಗುತ್ತವೆ, ಅದು ಹೊಟ್ಟೆಯಲ್ಲಿ ಗಂಟಾಗಿ ಸಾಯುತ್ತವೆ. ದಯವಿಟ್ಟು ಬೇಡ.

ಪುಣೆಯ ಓದುಗರಿಗೆ ಬಾರಾಮತಿ ಕಡೆಯ ಸುಪೆ ಹತ್ತಿರ ಮಯೂರೇಶ್ವರ ಅಭಯಾರಣ್ಯ ಇದೆ. ಚಿಕ್ಕದು, ಹುಲ್ಲುಗಾವಲು, ಅಲ್ಲಿರುವುದು ಚಿಂಕಾರಾ. ಅದು ನಿಜಕ್ಕೂ ಜಿಂಕೆ ಅಲ್ಲ, ಹುಲ್ಲೆ, ಕೊಂಬು ಉದುರುವುದಿಲ್ಲ. ಬಯಲಾದ್ದರಿಂದ ಅವಿತು ಹೋಗಲು ಮರ ಇಲ್ಲ, ಗಾಡಿಯೊಳಗೇ ಕೂತು ನೋಡುವುದು ಒಳ್ಳೆಯದು. ಇಳಿದ ತಕ್ಷಣ ಓಡುತ್ತವೆ. ಗೋವಾದವರಿಗೆ ಹುಬ್ಬಳ್ಳಿ, ಬೆಳಗಾವಿ ಬಸ್ಸಿನ ದಾರಿಯಲ್ಲೇ ಮೊಲ್ಲೆಂ ಸಿಗುತ್ತದೆ, ಎಷ್ಟೋ ಜನ ನಿದ್ದೆ ಮಾಡುತ್ತಾ ಅದನ್ನು ದಾಟುತ್ತಾರೆ. ಕಾಣಕೋಣದ ಕೋಟಿಗಾವ್ ಅಭಯಾರಣ್ಯದಲ್ಲಿ ನೀರಿನ ಹೊಂಡದ ಪಕ್ಕ ಮರದ ಮೇಲೆ ಅಟ್ಟಣೆ ಇದೆ. ನಮ್ಮ ಹಿರಿಯರು ಅಟ್ಟಣೆಯಲ್ಲಿ ಕೂತದ್ದು ಸುಮ್ಮನೆ ಅಲ್ಲ: ಮನುಷ್ಯನ ವಾಸನೆ ಜಿಂಕೆಯ ತಲೆಯ ಮೇಲಿಂದ ಹೋಗುತ್ತದೆ, ಜಿಂಕೆ ಮೇಲೆ ನೋಡುವುದೂ ಕಡಿಮೆ. ಬೇಗ ಹತ್ತಿ, ಮಾತಾಡದೆ ಕೂತಿರಿ. ವಿಸ್ಕಾನ್ಸಿನ್‌ನ ನಮ್ಮ ಹುಡುಗನೂ ಅಟ್ಟಣೆ ಹತ್ತುವವನೇ, ಸೊಂಟ ಎದೆಗೆ ಬೆಲ್ಟ್ ಕಟ್ಟಿ ಮರಕ್ಕೆ ಬಿಗಿದುಕೊಂಡ ಮೇಲೆ. ಅಲ್ಲಿ ಬೇಟೆಗಾರರು ಗುಂಡಿಗಿಂತ ಮರದಿಂದ ಬಿದ್ದು ಪೆಟ್ಟು ಮಾಡಿಕೊಳ್ಳುವುದು ಸಾಮಾನ್ಯ. ವಿದೇಶದಲ್ಲಿ ಲೈಸೆನ್ಸ್ ತೆಗೆದು ಬೇಟೆಗೆ ಹೋಗುವ ನಮ್ಮ ಮಕ್ಕಳು ಈ ಬೆಲ್ಟನ್ನು ಮಾತ್ರ ಮರೆಯಬಾರದು.

ಮೇ ತಿಂಗಳಲ್ಲಿ ಊರಿಗೆ ಹೋಗುವ ಹುಡುಗರಿಗೆ ಒಂದು ಮಾತು. ಅಲ್ಲಿ ಯಾರಾದರೂ ಕರೆಯುತ್ತಾರೆ, ರಾತ್ರಿ ತಲೆಗೆ ಲೈಟ್ ಕಟ್ಟಿ ಹೋಗೋಣ, ಉರುಳು ಹಾಕೋಣ ಅಂತ. ಹೋಗಬೇಡಿ. ಲೈಟಿಗೆ ಕಣ್ಣು ಕಟ್ಟಿ ನಿಂತ ಪ್ರಾಣಿಗೆ ಹೊಡೆಯುವುದರಲ್ಲಿ ಮೇಲೆ ಬರೆದ ಒಂದು ವಿದ್ಯೆಯೂ ಬೇಡ. ಉರುಳಿಗೆ ಜಿಂಕೆ, ಹಂದಿ, ಚಿರತೆ ಅಂತ ಭೇದ ಇಲ್ಲ, ಸಿಕ್ಕಿದ್ದು ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ. ಕಾಡಿನ ಬಗ್ಗೆ ಅಷ್ಟು ಆಸೆ ಇದ್ದರೆ ಹಳೆಯ ಬೇಟೆಗಾರರು ಊರಿನಲ್ಲಿ ಇನ್ನೂ ಇದ್ದಾರೆ, ಅವರ ಪಕ್ಕ ಕೂತು ಗಾಳಿ ನೋಡುವುದು, ಹೆಜ್ಜೆ ಓದುವುದು ಹೇಗೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ನಮ್ಮ ಕನ್ನಡ ಸಂಘಗಳವರಲ್ಲೂ ಒಂದು ಕೋರಿಕೆ. ಬಸ್ಸು ತುಂಬ ಜನರನ್ನು ಒಟ್ಟಿಗೆ ಕರೆದೊಯ್ದರೆ ಯಾರಿಗೂ ಏನೂ ಕಾಣುವುದಿಲ್ಲ. ಐದಾರು ಜನರ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಬ್ಬ ಮಾರ್ಗದರ್ಶಕ, ಒಂದರ ಹಿಂದೆ ಒಂದು ಸ್ವಲ್ಪ ಹೊತ್ತು ಬಿಟ್ಟು ಕಳಿಸಿ. ಊಟ, ಅಂತ್ಯಾಕ್ಷರಿ ಎಲ್ಲ ಗೇಟಿನ ಹೊರಗೆ ಬಂದ ಮೇಲೆ ಇರಲಿ. ಸೋಮವಾರ ಉದ್ಯಾನ ಮುಚ್ಚಿರುತ್ತದೆ, ದಿನ ಗೊತ್ತುಮಾಡುವಾಗ ಅದು ನೆನಪಿರಲಿ.

ಇಂತಿ ನಿಮ್ಮ ಓದುಗ,
ದಹಿಸರ್ ಪೂರ್ವ, ಮುಂಬೈ